ಗಾಡಿ ನೋಡಿಕೊಡುತ್ತಿದ್ದ ಮಿಸ್ತ್ರಿ

ಹಳೆಯ ಗಾಡಿ ನೋಡಲು ಕರೆದೊಯ್ದರೆ ಮಿಸ್ತ್ರಿ ಮೊದಲು ಗಾಡಿಯ ಕಡೆ ಕಣ್ಣೇ ಹಾಯಿಸುತ್ತಿರಲಿಲ್ಲ. ಅದು ನಿಂತ ನೆಲ ನೋಡುತ್ತಿದ್ದರು. ಎಣ್ಣೆ ತೊಟ್ಟಿಕ್ಕಿದೆಯೇ, ಆ ಕಲೆಯ ಮೇಲೆ ಯಾರಾದರೂ ಮಣ್ಣು ಸುರುವಿದ್ದಾರೆಯೇ, ಗಾಡಿಯನ್ನು ಈಗಷ್ಟೇ ತಂದು ನಿಲ್ಲಿಸಿದ್ದಾರೆಯೇ. ಆಮೇಲೆ ಹತ್ತಿರ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದರು, ಜ್ವರ ಬಂದ ಕೂಸಿನ ಹಣೆ ಮುಟ್ಟಿದ ಹಾಗೆ. ಬೆಚ್ಚಗಿದ್ದರೆ ಮುಗಿಯಿತು. ದೂರ ಹೋಗಿ ಯಾವುದಾದರೂ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತುಬಿಡುವರು.

"ಯಾಕ ಮಿಸ್ತ್ರಿ, ನೋಡಂಗಿಲ್ಲೇನು?" ಎಂದು ಮಾರುವವನು ಕೇಳಿದರೆ, "ತಣ್ಣಗಾಗಲಿರಿ. ಕಾಯ್ದ ಎಂಜಿನ್ನು ಯಾರ ಮುಂದಾದ್ರೂ ಚೆಂದಂಗ ಮಾತಾಡತೈತಿ" ಎನ್ನುವರು.

ಒಂದು ತಾಸಾಗಲಿ, ಎರಡು ತಾಸಾಗಲಿ, ಅಲ್ಲಿಂದ ಏಳುತ್ತಿರಲಿಲ್ಲ. ಅಲ್ಲಿಯವರೆಗೆ ಮಾರುವವನ ಮನೆಯ ಚಹಾ ಕೂಡ ಮುಟ್ಟುತ್ತಿರಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ದೇವರ ಹಿಪ್ಪರಗಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಕಡಿಮೆ. ಮಿಸ್ತ್ರಿ ಎಂದರೆ ಅವರೊಬ್ಬರೇ. ನಾನು ಸಿಂದಗಿಯ ಕಾಲೇಜಿನಲ್ಲಿ ಗಣಿತ ಕಲಿಸುವವನು. ನನ್ನ ಹಳೆಯ ಸ್ಕೂಟರು ಒಮ್ಮೆ ಅವರ ಗ್ಯಾರೇಜಿನ ಮುಂದೆ ಕೆಟ್ಟು ನಿಂತದ್ದರಿಂದ ಶುರುವಾದ ಪರಿಚಯ ಒಂಬತ್ತು ವರ್ಷ ಬಾಳಿತು. ಅವರ ಬಗ್ಗೆ ಬರೆಯಬೇಕೆಂದು ಕೂತಾಗಲೆಲ್ಲ ಒಂದು ಕೆಂಪು ಗಾಡಿ ಅಡ್ಡ ಬಂದು ನಿಲ್ಲುತ್ತದೆ. ಅದನ್ನು ದಾಟಿಕೊಂಡು ಅವರ ವಿಷಯ ಹೇಳಲು ನನಗೆ ಬರುವುದಿಲ್ಲ.

ಎತ್ತರದ, ಒಣಕಲು ಮನುಷ್ಯ. ಬಲಗಡೆಯ ಹೆಗಲು ಎಡದ್ದಕ್ಕಿಂತ ತುಸು ಕೆಳಗೆ. ಬೆಳಿಗ್ಗೆ ಹಚ್ಚಿಕೊಂಡ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಗ್ರೀಸಿನೊಂದಿಗೆ ಬೆರೆತು ಹಣೆಯ ಮೇಲೆ ಬೂದು ಬಣ್ಣದ ಗೆರೆಯಾಗಿ ಉಳಿಯುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಹಚ್ಚಿ, ಅದರ ಹಿಡಿಕೆಗೆ ಕಿವಿಯಿಟ್ಟು ಕಣ್ಣು ಮುಚ್ಚುವರು. ಹಾಗೆ ಕೇಳುತ್ತಿದ್ದಾಗ ಸುತ್ತಲಿನವರು ಮಾತಾಡಿದರೆ ಒಂದು ಕೈ ಎತ್ತಿ ಸುಮ್ಮನಾಗಿಸುವರು. ಅವರ ಬಾಯಿಂದ ಬಂದ ಅತಿ ದೊಡ್ಡ ಹೊಗಳಿಕೆ "ನಡೀತೈತಿ" ಎಂಬುದು. ಅಷ್ಟು ಹೇಳಿದರೆ ಕೊಳ್ಳುವವನು ಹಿಂದೆ ಮುಂದೆ ನೋಡದೆ ಕೊಳ್ಳಬಹುದಿತ್ತು.

ಬಸವನ ಬಾಗೇವಾಡಿಯಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಅಳಿಯನಿಗೆಂದು ಒಂದು ಬಿಳಿ ಕಾರು ನೋಡಿದ್ದ. ಕನ್ನಡಿಯಂಥ ಗಾಡಿ. ಮಿಸ್ತ್ರಿ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದರು. ಯಾರೂ ಎಂದೂ ಎಳೆಯದ, ಸುರುಳಿಯೊಳಗೇ ಉಳಿಯುವ ಕೊನೆಯ ಗೇಣಿನಲ್ಲಿ ಒಣಗಿದ ಕೆಸರಿತ್ತು. ಅದನ್ನು ಉಗುರಿನಿಂದ ಕೆರೆದು ವ್ಯಾಪಾರಿಯ ಅಂಗೈಗೆ ಹಾಕಿ, "ಈ ಗಾಡಿ ಹೊಳ್ಯಾಗ ಮುಳಗೇತ್ರಿ. ಇದು ನಮ್ಮ ಕಡೆ ಮಣ್ಣೂ ಅಲ್ಲ" ಎಂದರು. ಮಾರುವವನು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ.

ಇಷ್ಟೆಲ್ಲ ಬಲ್ಲವರು ಎರಡು ಕೆಲಸಗಳನ್ನು ಮಾತ್ರ ಮುಟ್ಟುತ್ತಿರಲಿಲ್ಲ. ತಗಡಿನ ನೆಗ್ಗು ತೆಗೆಯುವುದು, ಬಣ್ಣ ಹೊಡೆಯುವುದು. ನನ್ನ ಸ್ಕೂಟರಿನ ಮಡ್‌ಗಾರ್ಡ್ ಒಮ್ಮೆ ಗೋಡೆಗೆ ತಾಗಿ ನೆಗ್ಗಿತ್ತು; ಎರಡು ಏಟಿನ ಕೆಲಸ. ಬೇರೆಯವರ ಕಡೆ ಹೋಗಿರಿ ಎಂದರು. ನಾನು ನಕ್ಕು ಒತ್ತಾಯ ಮಾಡಿದೆ. ಅವರು ನಗಲಿಲ್ಲ.

"ಬಡದದ್ದ ಕಾಣಬೇಕ್ರಿ, ಸರ. ಮುಚ್ಚೂದು ನನ್ನ ಕಡಿಂದ ಆಗೂದಿಲ್ಲ."

ಆಗ ಅದು ಒಬ್ಬ ಕುಶಲಕರ್ಮಿಯ ವಿಚಿತ್ರ ಹಟವೆಂದು ತಿಳಿದಿದ್ದೆ. ಹಾಗೆಯೇ ಇನ್ನೊಂದು ಚಾಳಿ. ಗಾಡಿ ನೋಡಿ ಮುಗಿದ ಮೇಲೆ ಅದರ ಪ್ರತಿಯೊಂದು ಸೀಟಿನಲ್ಲಿಯೂ ಸ್ವಲ್ಪ ಹೊತ್ತು ಕೂರುತ್ತಿದ್ದರು, ಏನೂ ಮಾಡದೆ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು.

ಒಮ್ಮೆ ಪರೀಕ್ಷೆಯ ಕೆಲಸಕ್ಕೆ ಮುದ್ದೇಬಿಹಾಳಕ್ಕೆ ಹೋದಾಗ ಅವರನ್ನು ಬಸ್ ನಿಲ್ದಾಣದಲ್ಲಿ ಕಂಡೆ. ಒಗೆದ ಅಂಗಿ, ಕೈಯಲ್ಲಿ ಖಾಲಿ ಚೀಲ. ಬೆಳಿಗ್ಗೆ ಕಂಡವರು ಸಂಜೆ ನಾನು ಹೊರಟಾಗಲೂ ಅದೇ ಕಲ್ಲುಬೆಂಚಿನ ಮೇಲೆ ಕೂತಿದ್ದರು. "ಯಾರದರ ಗಾಡಿ ನೋಡಾಕ ಬಂದಿದ್ರೇನ್ರಿ?" ಎಂದು ಕೇಳಿದೆ.

"ಇಲ್ರಿ. ಒಂದ ಕೆಲಸ ಇತ್ತು. ಆಗಲಿಲ್ಲ."

ಒಂದೇ ಬಸ್ಸಿನಲ್ಲಿ ವಾಪಸಾದೆವು. ಪ್ರತಿ ವರ್ಷ ಒಂದು ದಿನ ಅವರು ಹೀಗೆ ಮುದ್ದೇಬಿಹಾಳಕ್ಕೆ ಹೋಗಿ, ನಿಲ್ದಾಣದಿಂದ ಆಚೆ ಕಾಲಿಡದೆ ಮರಳುತ್ತಾರೆಂಬುದು ನನಗೆ ಆಮೇಲೆ ತಿಳಿಯಿತು.

ಇನ್ನು ಆ ಕೆಂಪು ಗಾಡಿ.

ಹಾಸ್ಟೆಲ್ಲಿನಲ್ಲಿದ್ದಾಗ ಗೋಡೆಗೆ ಒಂದು ಸ್ಪೋರ್ಟ್ಸ್ ಕಾರಿನ ಚಿತ್ರ ಅಂಟಿಸಿಕೊಂಡಿದ್ದವನು ನಾನು. ಎರಡೇ ಬಾಗಿಲು, ನೆಲಕ್ಕೆ ಅವಚಿಕೊಂಡಂಥ ಮೈ. ಐವತ್ತು ದಾಟಿದ ಮೇಲೆಯೂ ಆ ಆಸೆ ಹೋಗಿರಲಿಲ್ಲ. ಇಂಡಿಯಲ್ಲಿ ಒಬ್ಬ ನಿಂಬೆ ವ್ಯಾಪಾರಿ ಅಂಥದೇ ಗಾಡಿ ಮಾರುತ್ತಿದ್ದಾನೆಂದು ಗೊತ್ತಾದಾಗ ಮಿಸ್ತ್ರಿಯನ್ನು ಕರೆದುಕೊಂಡು ಬಸ್ಸು ಹತ್ತಿದೆ. "ಈ ರಸ್ತೆದಾಗ ಅದನ್ನ ಎಲ್ಲಿ ಓಡಸ್ತೀರಿ, ಸರ?" ಎಂದು ಕೇಳಿದವರು, ನನ್ನ ಮುಖ ನೋಡಿ, "ಇರಲಿ. ನೋಡೂಣು" ಎಂದರು.

ನಿಂಬೆಹಣ್ಣಿನ ಗೋದಾಮಿನ ಮಗ್ಗುಲಿಗೆ ತಗಡಿನ ಚಪ್ಪರದ ಕೆಳಗೆ ಗಾಡಿ ನಿಂತಿತ್ತು. ನಾನು ಹತ್ತಿರ ಹೋಗಿ ಬಾಗಿಲ ಮೇಲೆ ಕೈ ಆಡಿಸಿದೆ. ನಾಚಿಕೆಯಿಲ್ಲದೆ ಹೇಳಬೇಕೆಂದರೆ, ಮನಸ್ಸಿನಲ್ಲಿ ಆಗಲೇ ಅದನ್ನು ಕೊಂಡುಬಿಟ್ಟಿದ್ದೆ.

ಮಿಸ್ತ್ರಿ ತಮ್ಮ ಪದ್ಧತಿಯಂತೆ ನೆಲ ನೋಡಿದರು, ಬಾನೆಟ್ಟು ಮುಟ್ಟಿದರು. ತಣ್ಣಗಿತ್ತು. ಎಣ್ಣೆಯ ಮುಚ್ಚಳ ತೆಗೆದು ಒಳಗಿನ ಬದಿ ಮೂಸಿದರು, ನೀರು ಬೆರೆತಿರಲಿಲ್ಲ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಲಗಡೆಯ ತಗಡಿನ ಮೇಲೆಲ್ಲ ಓಡಿಸಿದರು. ಎಲ್ಲ ಕಡೆ ಗಟ್ಟಿಯಾಗಿ ಹಿಡಿಯಿತು. ಚಾಲೂ ಮಾಡಿಸಿ ಸ್ಕ್ರೂಡ್ರೈವರಿಗೆ ಕಿವಿಯಿಟ್ಟರು. ಹಿಂದೆ ಹೋಗಿ ಹೊಗೆಗೆ ಅಂಗೈ ಒಡ್ಡಿದರು. "ಎಂಜಿನ್ನು ನಡೀತೈತಿ" ಎಂದರು. ನಾನು ವ್ಯಾಪಾರಿಯ ಕಡೆ ನೋಡಿ ನಕ್ಕುಬಿಟ್ಟೆ.

ಆಮೇಲೆ ಅಯಸ್ಕಾಂತ ಎಡಗಡೆಗೆ ಬಂತು. ಮುಂದಿನ ಗಾಜಿನ ಪಕ್ಕದ ಕಂಬದ ಮೇಲೆ ಅದು ನಿಲ್ಲದೆ ಜಾರಿತು. ಬಣ್ಣದ ಕೆಳಗೆ, ತಗಡಿನ ಬದಲು ಮೆತ್ತಿದ ಪುಟ್ಟಿ ತುಂಬಿತ್ತು. ಮಿಸ್ತ್ರಿ ಬಾಗಿಲು ತೆರೆದು, ಅಂಚಿನ ರಬ್ಬರನ್ನು ಮೆಲ್ಲಗೆ ಕಿತ್ತು ಒಳಗೆ ಬಗ್ಗಿ ನೋಡಿದರು. ಹಾಗೆ ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ. ನಾನು ಹತ್ತಿರ ಹೋದೆ. ಬೆಸುಗೆಯ ಗೆರೆಯ ಪಕ್ಕದಲ್ಲಿ, ಮೊಳೆಯಿಂದ ಒತ್ತಿದ ಹಾಗೆ, ಮೂರು ಸಣ್ಣ ಚುಕ್ಕಿಗಳಿದ್ದವು.

ಅವರು ನೆಲಕ್ಕೆ ಕೂತರು. ನಂತರ ಎದ್ದು, ಬಲಗಡೆಗೆ ಹೋಗಿ ಚಾಲಕನ ಬೆಲ್ಟನ್ನು ಎಳೆದು ಬೆರಳಿನಲ್ಲಿ ಸವರಿದರು. ಒಂದು ಕಡೆ ಪಟ್ಟಿ ಕರಗಿದಂತಾಗಿ ಮಿರಮಿರ ಮಿಂಚುತ್ತಿತ್ತು. ಎಡಗಡೆಯ ಬೆಲ್ಟು ಎಳೆದರು. ಅದು ಹೊಸದರ ಹಾಗಿತ್ತು.

"ನಡೀರಿ, ಸರ. ಇದು ಬ್ಯಾಡ."

"ಎಂಜಿನ್ನು ಚಲೋ ಐತಿ ಅಂದ್ರಲ್ಲ?"

"ನಡೀರಿ."

ಇಂಡಿಯ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಕೂತು ಅವರು ಹೇಳಿದ್ದನ್ನು ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. ಅವರು ಹೇಳಿದ್ದೂ ಚಿಕ್ಕದಾಗಿಯೇ.

ದೇವರ ಹಿಪ್ಪರಗಿಗೆ ಬರುವ ಮೊದಲು ಅವರು ಇಪ್ಪತ್ತು ವರ್ಷ ಸೊಲ್ಲಾಪುರದ ಕಡೆ ಒಂದು ಗ್ಯಾರೇಜಿನಲ್ಲಿದ್ದರು. ಅಪಘಾತವಾದ ಗಾಡಿಗಳನ್ನು ಹೊಸದರಂತೆ ಮಾಡುವುದು ಅವರ ಕೆಲಸ. ಅದರಲ್ಲಿ ಅವರಷ್ಟು ನುರಿತವರು ಆ ಭಾಗದಲ್ಲಿ ಇರಲಿಲ್ಲವಂತೆ. ಪ್ರತಿ ಬೆಸುಗೆಯ ಪಕ್ಕ, ಯಾರಿಗೂ ಕಾಣದ ಕಡೆ, ಮೂರು ಚುಕ್ಕಿ ಹೊಡೆಯುತ್ತಿದ್ದರು. ಶಿಲ್ಪಿಗಳು ಮಾಡುವ ಹಾಗೆ, ತಮ್ಮ ಕೆಲಸವೆಂಬ ಹೆಮ್ಮೆಗೆ.

ಈ ಕೆಂಪು ಗಾಡಿ ಅಲ್ಲಿಗೆ ಬಂದದ್ದು ಅವತ್ತಿಗೆ ಹನ್ನೊಂದು ವರ್ಷದ ಹಿಂದೆ. ಕಬ್ಬಿನ ಟ್ರೇಲರೊಂದು ರಸ್ತೆಯಲ್ಲಿ ನಿಂತಿತ್ತು. ಗಾಡಿಯ ಎಡ ಮುಂಭಾಗ ಅದರ ಕೆಳಗೆ ಹೊಕ್ಕಿತ್ತು. ಬಲಗಡೆ ಗೀರೂ ಇರಲಿಲ್ಲ. ಇಬ್ಬರಿದ್ದರು. ಒಬ್ಬ ಗಾಡಿಯ ಮಾಲೀಕನ ಮಗ. ಇನ್ನೊಬ್ಬ ಆ ಮಾಲೀಕನ ಬಂಗಲೆಯಲ್ಲಿ ಗಾಡಿ ತೊಳೆಯುತ್ತಿದ್ದ ಆಳು. ಆಳು ಸತ್ತ, ಮಗ ಉಳಿದ. ಆಳೇ ಕುಡಿದು, ಹೇಳದೆ ಕೇಳದೆ ಗಾಡಿ ತೆಗೆದುಕೊಂಡು ಓಡಿಸಿದನೆಂದೂ, ತಡೆಯಲು ಹೋಗಿ ತಾನು ಪಕ್ಕಕ್ಕೆ ಕೂತೆನೆಂದೂ ಮಗ ಹೇಳಿದ. ಪೊಲೀಸರ ಕಾಗದದಲ್ಲಿಯೂ ಹಾಗೆಯೇ ಬರೆಯಲ್ಪಟ್ಟಿತು.

"ಗಾಡಿ ನೋಡಿದ ಯಾವ ಮಿಸ್ತ್ರೀನೂ ಹೇಳತಿದ್ದ, ಸರ," ಎಂದರು. "ಎಡಕ್ಕ ಕುಂತಂವ ಉಳ್ಯಾಕ ಸಾಧ್ಯನ ಇಲ್ಲ. ಬಲಕ್ಕ ಕುಂತಂವನ್ನ ಬೆಲ್ಟ್ ಹಿಡಕೊಂಡಿತ್ತು, ಆ ಜಗ್ಗಿಗೇ ಪಟ್ಟಿ ಕರಗಿದ್ದು. ಹೊಸಾ ಬೆಲ್ಟ್ ಸಿಗಲಿಲ್ಲ ಅಂತ ನಾನ ಅದನ್ನ ತೊಳದ ಮತ್ತ ಹಾಕೀನಿ."

ಕೆಲಸ ಅರ್ಧವಾಗಿದ್ದಾಗ ಒಬ್ಬ ಹೆಂಗಸು ಗ್ಯಾರೇಜಿಗೆ ಬಂದಳು. ಸತ್ತವನ ತಾಯಿ; ಮುದ್ದೇಬಿಹಾಳದಿಂದ ಬಂದವಳು. ನನ್ನ ಮಗನಿಗೆ ಗಾಡಿ ಹೊಡೆಯಲು ಬರುತ್ತಲೇ ಇರಲಿಲ್ಲ, ಯಾವ ಕಡೆ ಒಡೆದಿದೆ ನೋಡಿ ಹೋಗುತ್ತೇನೆ, ಅಷ್ಟೇ, ಎಂದು ಕೇಳಿದಳು. ಮಿಸ್ತ್ರಿ ಬಾಗಿಲಲ್ಲಿ ನಿಂತಿದ್ದರು. ಅವರ ಬೆನ್ನ ಹಿಂದೆಯೇ, ತಾಡಪಾಲಿನ ಕೆಳಗೆ, ಗಾಡಿ ಇತ್ತು.

"ಭಂಗಾರಕ್ಕ ಹೋತವ್ವಾ ಗಾಡಿ, ತುಂಡ ಮಾಡಿ ಗುಜರಿಗಿ ಹಾಕ್ಯಾರ, ಅಂದ್ನಿ. ಆಕಿ ಸ್ವಲ್ಪ ಹೊತ್ತ ನಿಂತಳು. ನನ್ನ ಮುಖ ನೋಡಿದಳು. ಹೋದಳು."

ಮಾರನೆಯ ದಿನ ಅವರು ಆ ಎಡಗಡೆಯ ಕಂಬ ಬೆಸೆದು ಮುಗಿಸಿದರು. ಎರಡು ತಿಂಗಳ ನಂತರ ಕೆಲಸ ಬಿಟ್ಟು ಊರಿಗೆ ಬಂದರು.

ಇಲ್ಲಿ ನನ್ನ ಮಾತೊಂದನ್ನು ಬರೆಯಬೇಕು. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದರೆ ಅದೂ ಒಂದು ಪುಟ್ಟಿ ಮೆತ್ತಿದ ಹಾಗೆಯೇ. ಅವರು ಇಷ್ಟು ಹೇಳಿ ಚಹಾದ ಲೋಟ ಹಿಡಿದು ಕೂತಿದ್ದಾಗ ನಾನು ಕೇಳಿದ್ದು ಇದು: "ಹಳೇ ಮಾತು ಬಿಡ್ರಿ ಮಿಸ್ತ್ರಿ. ಆ ಕಂಬ ಗಟ್ಟಿ ಐತೋ ಇಲ್ಲೋ, ಅದಷ್ಟ ಹೇಳ್ರಿ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ತಮ್ಮಂಥವನೇ ಒಬ್ಬನ ಗುರುತು ಸಿಕ್ಕಂತೆ ನೋಡಿದರು. "ಮತ್ತೊಂದ ಸಲ ಬಡದ್ರ ತಡ್ಯಾಂಗಿಲ್ಲ" ಎಂದರು. ಬಸ್ಸು ಬಂತು.

ಮೂರು ವಾರ ನಾನು ಅವರತ್ತ ಹೋಗಲಿಲ್ಲ. ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ ಅವರೇ ಕಾಲೇಜಿಗೆ ಬಂದರು. ಒಗೆದ ಅಂಗಿ. ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು.

"ಆ ಗಾಡಿ ಒಂದ ದಿನದ ಮಟ್ಟಿಗಿ ಬೇಕಾಗೇತ್ರಿ. ನೀವು ಹೊಡೀಬೇಕು. ಮುದ್ದೇಬಿಹಾಳಕ್ಕ ಹೋಗೂಣು."

"ಬಸ್ಸಿನ್ಯಾಗ ಹೋಗಿ ಹೇಳಿ ಬರಬಹುದಲ್ಲ?"

"ಬಾಯಿಲೆ ಒಮ್ಮಿ ಹೇಳೀನ್ರಿ ಆಕಿಗಿ. ಈ ಸಲ ಗಾಡಿ ತೋರಿಸಿ ಹೇಳಬೇಕು."

ಟ್ರಯಲ್ ನೋಡಲು ಬೇಕೆಂದು ವ್ಯಾಪಾರಿಗೆ ಹೇಳಿದರಾಯಿತು ಎಂದೆ. ಅವರು ಒಪ್ಪಲಿಲ್ಲ. ರವಿವಾರ ಇಂಡಿಗೆ ಹೋಗಿ, ನಿಂಬೆಯ ಚೀಲಗಳ ನಡುವೆ ನಿಂತು, ಆ ವ್ಯಾಪಾರಿಗೆ ಎಲ್ಲವನ್ನೂ ಹೇಳಿದರು. ಗಾಡಿ ಅವನ ಕೈಗೆ ಬರುವ ಮೊದಲು ನಾಲ್ಕು ಕೈ ದಾಟಿತ್ತು, ಇದ್ಯಾವುದೂ ಅವನಿಗೆ ಗೊತ್ತಿರಲಿಲ್ಲ. ಒಳಬಾಗಿಲಲ್ಲಿ ಅವನ ಹೆಂಡತಿ ನಿಂತು ಕೇಳುತ್ತಿದ್ದಳು. ವ್ಯಾಪಾರಿ ಒಳಗೆ ಹೋಗಿ ಕೀಲಿ ತಂದುಕೊಟ್ಟ. "ಸಾವಕಾಶ ಹೋಗ್ರಿ" ಎಂದಷ್ಟೇ ಹೇಳಿದ.

ಜೀವನದಲ್ಲಿ ಒಂದೇ ಸಲ ನಾನು ಸ್ಪೋರ್ಟ್ಸ್ ಕಾರು ಓಡಿಸಿದ್ದು ಅವತ್ತು. ಇಂಡಿಯಿಂದ ದೇವರ ಹಿಪ್ಪರಗಿ, ಬಸವನ ಬಾಗೇವಾಡಿ, ಅಲ್ಲಿಂದ ಮುದ್ದೇಬಿಹಾಳ. ಎರಡೂ ಕಡೆ ತೊಗರಿ ಹೂ ಬಿಟ್ಟಿತ್ತು. ತುಸು ಕಾಲೊತ್ತಿದರೆ ಗಾಡಿ ಚಿಗರೆಯ ಹಾಗೆ ನೆಗೆಯಲು ನೋಡುತ್ತಿತ್ತು. ನಾನು ಒತ್ತಲಿಲ್ಲ. ಮಿಸ್ತ್ರಿ ಎಡಗಡೆಯ ಸೀಟಿನಲ್ಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕೂತವರೇ ಬೆಲ್ಟು ಹಾಕಿಕೊಂಡಿದ್ದರು. ಬಾಗೇವಾಡಿ ದಾಟಿದ ಮೇಲೆ ಒಮ್ಮೆ, "ಅಂವಗ ಮುಂದಿನ ಟ್ರೇಲರ್ ಕಂಡಿರಬೇಕು. ಎಡಕ್ಕ ಕುಂತಂವಗ ಮೊದಲ ಕಾಣತೈತಿ" ಎಂದರು. ನಾನು ವೇಗ ಇನ್ನಷ್ಟು ಇಳಿಸಿದೆ. ನನ್ನ ಎದೆಯ ಮೇಲಿದ್ದ ಪಟ್ಟಿ ಯಾರನ್ನು ಹಿಡಿದುಕೊಂಡಿತ್ತೆಂಬುದು ಆಗ ನೆನಪಾಯಿತು. ಆಮೇಲೆ ಊರು ಬರುವವರೆಗೂ ಅದು ಬಿಗಿಯುತ್ತಿದೆ ಅನ್ನಿಸುತ್ತಲೇ ಇತ್ತು.

ಆ ತಾಯಿ ಮುದ್ದೇಬಿಹಾಳದಲ್ಲಿ ಖಡಕ್ ರೊಟ್ಟಿ ಬಡಿದು ಅಂಗಡಿಗಳಿಗೆ ಕೊಡುತ್ತಿದ್ದಳು. ಮನೆ ಹುಡುಕಲು ಹೊತ್ತಾಗಲಿಲ್ಲ. ಓಣಿ ಕಿರಿದು, ಗಾಡಿಯನ್ನು ಅದರ ಬಾಯಲ್ಲೇ ನಿಲ್ಲಿಸಿದೆವು. ಅವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಅರವತ್ತೈದರ ಆಸುಪಾಸು, ಗಿಡ್ಡ ಹೆಂಗಸು. ಮಿಸ್ತ್ರಿಯನ್ನು ನೋಡಿದಳು. ಗುರುತಿಸಲು ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ.

"ಭಂಗಾರಕ್ಕ ಹೋತ ಅಂದಾಂವ," ಎಂದಳು.

"ಹೌದ್ರೆವ್ವಾ."

"ಏನ ಬಂದಿ?"

ಮಿಸ್ತ್ರಿ ಗಾಡಿಯ ಕಡೆ ಕೈ ತೋರಿಸಿದರು. ಅವಳು ನಡೆದು ಬಂದಳು. ಸುತ್ತ ಒಂದು ಸಲ ತಿರುಗಿದಳು. ಮಿಸ್ತ್ರಿ ಎಡಗಡೆಯ ಬಾಗಿಲು ತೆರೆದು, ರಬ್ಬರು ಕಿತ್ತು, ಬೆಸುಗೆ ತೋರಿಸಿದರು. "ಈ ಕಡೆ ಒಡದಿತ್ತು. ಬಲಕ ಏನೂ ಆಗಿರಲಿಲ್ಲ. ನಿನ್ನ ಮಗ ಇಲ್ಲಿ ಕುಂತಿದ್ದ. ಗಾಡಿ ಹೊಡದಾಂವ ಅಂವಲ್ಲ. ಅವತ್ತ ನೀ ಬಂದಾಗ ಇದು ನನ್ನ ಬೆನ್ನ ಹಿಂದ ಇತ್ತು. ನಾ ಸುಳ್ಳ ಹೇಳಿದೆ."

ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದಿದ್ದರು. ಅವಳು ಅಳಬಹುದು, ಬೈಯಬಹುದು, ಹೊಡೆಯಬಹುದು ಎಂದು ನಾನು ಕಾಯುತ್ತಿದ್ದೆ. ಅವಳು ಸೀರೆಯ ಸೆರಗಿಗೆ ಕೈಯ ಹಿಟ್ಟು ಒರೆಸಿಕೊಂಡಳು.

"ಇದನ್ನ ನನಗ ಹೇಳೂದೇನೈತಿ? ನನಗ ಅವತ್ತಽ ಗೊತ್ತಿತ್ತು. ಮೋರಟಗ್ಯಾಗ ನನ್ನ ಸೊಸಿ ಅದಾಳ. ಅಕಿಗಿ ಹೇಳು."

ಒಳಗೆ ಹೋಗಿ ಒಲೆ ಆರಿಸಿ, ಕೀಲಿ ಹಾಕಿ ಬಂದಳು. ಮಿಸ್ತ್ರಿ ಹಿಂದಿನ ಇಕ್ಕಟ್ಟಿನಲ್ಲಿ ಮಡಚಿಕೊಂಡು ಕೂತರು. ಅವಳು ಮುಂದೆ, ಎಡಕ್ಕೆ ಕೂತಳು. ಕೂರುವ ಮೊದಲು ಆ ಸೀಟಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಿದ್ದಳು. ತಾಳಿಕೋಟೆ ದಾಟಿ ಸಿಂದಗಿಗೆ ಬಂದೆವು. ಅಲ್ಲಿ ನನ್ನ ವಿದ್ಯಾರ್ಥಿಗಳಿಬ್ಬರು ಗಾಡಿ ಕಂಡು ಸೀಟಿ ಹೊಡೆದು ಕೈ ಬೀಸಿದರು. ಆಗ ಅವಳು ಹೇಳಿದಳು:

"ಮಗ ಸತ್ತ ಹದಿಮೂರನೇ ದಿನಕ್ಕ ತವರಮನಿಗಿ ಹೋದಳು. ಮತ್ತ ಬರಲಿಲ್ಲ. ಮಾತೂ ಆಡಲಿಲ್ಲ. ಕುಡುಕನ ಹೇಣ್ತಿ ಅಂತ ನಾಚಿಕಿ ಬಂದಿರಬೇಕು ಅಂತ ನಾ ತಿಳ್ಕೊಂಡೀನಿ."

ಸೊಸೆ ಮೋರಟಗಿಯ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ರವಿವಾರವಾದ್ದರಿಂದ ಮನೆಯಲ್ಲಿದ್ದಳು, ಅಂಗಳದಲ್ಲಿ ಶೇಂಗಾ ಸುಲಿಯುತ್ತ. ಅತ್ತೆಯನ್ನು ಕಂಡು ಎದ್ದಳು; ಮಡಿಲಲ್ಲಿದ್ದ ಶೇಂಗಾ ನೆಲಕ್ಕೆ ಸುರಿಯಿತು. ಮಿಸ್ತ್ರಿ ಅವಳ ಮುಂದೆ ನಿಂತು ಎರಡನೆಯ ಸಲ ಅದೇ ಮಾತುಗಳನ್ನು ಹೇಳಿದರು. ಒಂದು ಅಕ್ಷರ ಕಡಿಮೆ ಮಾಡಲಿಲ್ಲ, ಒಂದು ಅಕ್ಷರ ಸೇರಿಸಲಿಲ್ಲ.

ಅವಳು ಕೇಳಿ ಮುಗಿಸಿ, ಅತ್ತೆಯ ಕಡೆ ತಿರುಗಿದಳು.

"ಡ್ರೈವಿಂಗ್ ಕಲೀ, ತೊಳ್ಯಾಂವ ಆಗಿ ಎಷ್ಟ ದಿನಾ ಇರ್ತಿ ಅಂತ ದಿನಾ ಫೋನ್‌ನ್ಯಾಗ ಅವರ ಬೆನ್ನ ಹತ್ತಿದ್ದೆ, ಅತ್ತಿ. ಕಲ್ಯಾಕತ್ತೇನಿ ಅಂತಿದ್ರು. ನನ್ನ ಮಾತ ಕೇಳಿ ಗಾಡಿ ತಗದಾರ, ನಾನ ಕೊಂದೇನಿ ಅಂತ ತಿಳ್ಕೊಂಡಿದ್ದೆ. ನಿಮಗ ಹೆಂಗ ಮುಖಾ ತೋರಿಸ್ಲಿ?"

ಮುದುಕಿ ಅಲ್ಲೇ ಶೇಂಗಾದ ಮೇಲೆ ಕೂತಳು. "ಯವ್ವಾ," ಎಂದಳು. "ಅಂವಗ ಸೈಕಲ್ಲಽ ನೆಟ್ಟಗ ಬರ್ತಿರಲಿಲ್ಲಲ್ಲಽ."

ಇಬ್ಬರಲ್ಲಿ ಯಾರು ಮೊದಲು ಅತ್ತರೋ ನಾನು ನೋಡಲಿಲ್ಲ. ಬೇಲಿಯ ಕಡೆ ಮುಖ ಮಾಡಿ ನಿಂತೆ.

ಸ್ವಲ್ಪ ಹೊತ್ತಿನ ಮೇಲೆ ಸೊಸೆ ಮಿಸ್ತ್ರಿಯನ್ನು ಕೇಳಿದಳು: "ಆಗ ಯಾಕ ಹೇಳಲಿಲ್ಲ? ಯಾರರ ಅಂಜಿಸಿದ್ರೇನು?"

ಹೌದು ಎಂದುಬಿಟ್ಟಿದ್ದರೆ ಅವರಿಗೆ ಸುಲಭವಿತ್ತು. ಅವಳೂ ನಂಬುತ್ತಿದ್ದಳು. ನಾನೂ ನಂಬುತ್ತಿದ್ದೆ.

"ಇಲ್ಲಬೇ. ಯಾರೂ ಅಂಜಿಸಲಿಲ್ಲ. ಧಣಿ ಊರಾಗ ಇರಲಿಲ್ಲ. ನನ್ನ ಕೆಲಸ ಅರ್ಧಾ ಆಗಿತ್ತು, ಚಲೋ ಆಗಿತ್ತು, ಕೆಡಬಾರದು ಅಂತ ಅನಸ್ತು. ಹೇಳಿಬಿಟ್ಟೆ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಹನ್ನೊಂದ ವರ್ಷ," ಎಂದಳು. ಒಳಗೆ ಹೋದಳು. ಎರಡು ಚೊಂಬು ನೀರು ತಂದಳು. ಒಂದನ್ನು ಅತ್ತೆಗೆ ಕೊಟ್ಟಳು, ಒಂದನ್ನು ನನಗೆ. ಮಿಸ್ತ್ರಿಗೆ ಕೊಡಲಿಲ್ಲ. ನಮ್ಮ ಕಡೆ ಬಾಗಿಲಿಗೆ ಬಂದ ವೈರಿಗೂ ನೀರು ಕೊಡುತ್ತಾರೆ. ನನ್ನ ಕೈಯಲ್ಲಿನ ಚೊಂಬನ್ನು ಅವರತ್ತ ಚಾಚಲು ಹೋದೆ. ಅವರು ತಲೆಯಾಡಿಸಿ ಬೇಡವೆಂದರು, ಹೊರಗೆ ಹೋಗಿ ಗಾಡಿಯ ಪಕ್ಕ ಬಿಸಿಲಲ್ಲಿ ನಿಂತರು.

ಮುದುಕಿ ಮೋರಟಗಿಯಲ್ಲೇ ಉಳಿದಳು. ನಾವಿಬ್ಬರೇ ಇಂಡಿಯ ದಾರಿ ಹಿಡಿದೆವು. ನನಗೆ ಏನಾದರೂ ಹೇಳಬೇಕೆನ್ನಿಸಿ, "ಆ ಹೆಣ್ಮಗಳು ನೀರರ ಕೊಡಬೇಕಿತ್ತು" ಎಂದೆ.

"ಬರೋಬರಿ ಮಾಡಿದಳ್ರಿ," ಎಂದರು ಮಿಸ್ತ್ರಿ. "ಕೊಟ್ಟಿದ್ರ ನನಗ ಕುಡ್ಯಾಕ ಆಗತಿರಲಿಲ್ಲ."

ವಾರದ ಮೇಲೆ ನಿಂಬೆ ವ್ಯಾಪಾರಿಯ ಫೋನ್ ಬಂತು. ಆ ಗಾಡಿ ಅಂಗಳದಲ್ಲಿ ಬೇಡವೆಂದು ಹೆಂಡತಿ ಊಟ ಬಿಟ್ಟಿದ್ದಾಳೆ, ಗೊತ್ತಿದ್ದೂ ಇನ್ನೊಬ್ಬರಿಗೆ ಮಾರಲು ತನಗೂ ಮನಸ್ಸು ಬಾರದು, ಕಡೆಗೆ ತುಂಡು ಮಾಡಿಸಿ ಭಂಗಾರಕ್ಕೆ ಹಾಕಿದೆ ಎಂದ. ಮಿಸ್ತ್ರಿಗೆ ತಿಳಿಸಿದೆ. ಅವರು ಯಾವುದೋ ನಟ್ಟು ಬಿಗಿಯುತ್ತಿದ್ದವರು ಕೈ ನಿಲ್ಲಿಸಿ, "ತುಂಡ ಮಾಡೂಕಿಂತ ಮೊದಲ ನನ್ನ ಕರೀಬೇಕಿತ್ತು. ಆ ಬೆಸಗಿ ನಾನ ಬಿಚ್ಚಬೇಕಿತ್ತು" ಎಂದರು. ಮತ್ತೆ ನಟ್ಟಿಗೆ ಕೈ ಹಾಕಿದರು.

ಅದರಿಂದ ಅವರಿಗೆ ನೆಮ್ಮದಿ ಸಿಕ್ಕಿತೆಂದು ಬರೆಯುವ ಆಸೆ ನನಗಿದೆ. ಸಿಗಲಿಲ್ಲ. ಗಾಡಿ ನೋಡುವುದನ್ನು ಬಿಟ್ಟರು. ಕರೆಯಲು ಹೋದವರಿಗೆ ಕಣ್ಣು ಸರಿ ಕಾಣುವುದಿಲ್ಲ ಎನ್ನುತ್ತಿದ್ದರು. ನನಗೆ ಮಾತ್ರ ಒಮ್ಮೆ ಬೇರೆ ಹೇಳಿದರು: "ಇದೊಂದ ಗಾಡಿ ಆತ್ರಿ, ಸರ. ಇಪ್ಪತ್ತ ವರ್ಷ ಮಾಡೀನಿ. ಬಣ್ಣ ನೆನಪೈತಿ, ಎಲ್ಲಿ ಬಡದಿತ್ತು ನೆನಪೈತಿ. ಯಾರ ಕುಂತಿದ್ರು ಅಂತ ಯಾವತ್ತೂ ಕೇಳಲಿಲ್ಲ." ಆಗಾಗ ರಸ್ತೆಯ ಬದಿಗೆ ನಿಂತು ಹೋಗಿಬರುವ ಕಾರುಗಳನ್ನೇ ನೋಡುತ್ತಿದ್ದರು. ನೆಲವನ್ನಲ್ಲ, ಗಾಜಿನೊಳಗೆ ಕೂತವರ ಮುಖಗಳನ್ನು. ಅದನ್ನು ಕಂಡಾಗ ನಾನು ಸ್ಕೂಟರು ನಿಲ್ಲಿಸದೆ ಮುಂದೆ ಹೋದದ್ದೂ ಉಂಟು.

ಒಂದೂವರೆ ವರ್ಷ ಹೀಗೆ ಕಳೆಯಿತು. ಹೋದ ತಿಂಗಳು ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆಗೆಯುವಾಗ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ಮಣ್ಣಿಗೆ ಬಹಳ ಜನ ಬಂದಿದ್ದರು. ಟ್ರ್ಯಾಕ್ಟರಿನವರು, ಟಂಟಂನವರು, ಅವರ ಮಾತು ಕೇಳಿ ಗಾಡಿ ಕೊಂಡವರು, ಕೊಳ್ಳದೆ ಉಳಿದವರು. ಕುಣಿಯ ಹತ್ತಿರ ಗಂಡಸರ ಸಾಲಿನ ಹಿಂದೆ ಒಂದು ಗಿಡ್ಡ ಆಕೃತಿ ಕಂಡಿತು. ಮುದ್ದೇಬಿಹಾಳದ ಆ ತಾಯಿ. ಯಾರು ತಿಳಿಸಿದ್ದರೋ, ಬೆಳಗಿನ ಬಸ್ಸಿಗೆ ಬಂದಿದ್ದಳು. ಅವಳ ಹಿಂದೆ ಸೊಸೆ ಇದ್ದಾಳೆಯೇ ಎಂದು ನೋಡಿದೆ. ಇರಲಿಲ್ಲ.

ನಾನು ಹತ್ತಿರ ಹೋಗಿ ನಿಂತೆ. ಆ ಹೊತ್ತಿನಲ್ಲಿ ಕೇಳಬಾರದಿತ್ತು. ಆದರೆ ಇನ್ನೊಂದು ಹೊತ್ತು ಸಿಗುವುದಿಲ್ಲವೆನ್ನಿಸಿತು.

"ಅವರನ್ನ ಮಾಫ್ ಮಾಡಿದ್ರೇನ್ರಿ, ಯವ್ವಾ?"

"ಇಲ್ಲೋ ಯಪ್ಪಾ," ಎಂದಳು. ದನಿಯಲ್ಲಿ ಏರಿಳಿತವಿರಲಿಲ್ಲ. "ಅದು ನನ್ನ ಕಡಿಂದ ಆಗೂದಿಲ್ಲ. ಆದ್ರ ಅಂವ ಸುಳ್ಳ ಹೇಳಿದ್ದೂ ನನಗ, ಖರೇ ಹೇಳಿದ್ದೂ ನನಗ. ನಾ ಬರಲಿಲ್ಲ ಅಂದ್ರ ಮತ್ತ್ಯಾರ ಬರಬೇಕು?"

ಗಂಡಸರು ದಾರಿ ಬಿಟ್ಟರು. ಅವಳು ಮುಂದೆ ಹೋಗಿ, ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು, ಅದರೊಳಗಿನ ಹರಳುಗಳನ್ನು ಒಂದೊಂದಾಗಿ ಆರಿಸಿ ಬಿಸಾಡಿ, ಮೆತ್ತನೆಯ ಮಣ್ಣನ್ನಷ್ಟೇ ಅವರ ಮೇಲೆ ಹಾಕಿದಳು.